ಸೆಪ್ಟೆಂಬರ್ 17: 399 ದಿನ ತಡವಾಗಿ ಬಂದ ಸ್ವಾತಂತ್ರ್ಯ

ಕರ್ನಾಟಕದಲ್ಲಿ ಸ್ವಾತಂತ್ರ್ಯದ ಹಬ್ಬವನ್ನು ವರ್ಷಕ್ಕೆ ಎರಡು ಬಾರಿ ಆಚರಿಸುವ ಜಿಲ್ಲೆಗಳಿವೆ. ಆಗಸ್ಟ್ 15ರಂದು ಇಡೀ ದೇಶದೊಂದಿಗೆ ಒಮ್ಮೆ, ಸೆಪ್ಟೆಂಬರ್ 17ರಂದು ಪ್ರತ್ಯೇಕವಾಗಿ ಮತ್ತೊಮ್ಮೆ. ಅಂದು ಕಲಬುರಗಿಯಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರ ಪ್ರತಿಮೆಗೆ ಮಾಲಾರ್ಪಣೆಯಾಗುತ್ತದೆ, ರಾಷ್ಟ್ರಧ್ವಜ ಏರುತ್ತದೆ, ಪೊಲೀಸ್ ಪಥಸಂಚಲನ ನಡೆಯುತ್ತದೆ. ಬೀದರ್, ರಾಯಚೂರು, ಯಾದಗಿರಿ, ಕೊಪ್ಪಳಗಳಲ್ಲಿಯೂ ಜಿಲ್ಲಾಡಳಿತದ ಸಮಾರಂಭಗಳು ಇರುತ್ತವೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಬೆಳೆದವರಿಗೆ ಈ ದಿನದ ಪರಿಚಯ ಅಷ್ಟಾಗಿ ಇಲ್ಲ. ಪಠ್ಯಪುಸ್ತಕದಲ್ಲಿ ಒಂದು ಪುಟ, ಪತ್ರಿಕೆಯಲ್ಲಿ ಒಂದು ಚಿತ್ರ, ಅಷ್ಟೇ.

ಭಾರತ ಸ್ವತಂತ್ರವಾದ ದಿನದಿಂದ ಲೆಕ್ಕ ಹಾಕಿದರೆ 1948ರ ಸೆಪ್ಟೆಂಬರ್ 17ಕ್ಕೆ 399 ದಿನಗಳು. ಆ ಅವಧಿಯಲ್ಲಿ ಇಂದಿನ ಕರ್ನಾಟಕದ ಈಶಾನ್ಯ ಭಾಗ ಭಾರತದ ಭೂಪಟದ ಮಧ್ಯದಲ್ಲಿದ್ದೂ ಭಾರತದ ಆಡಳಿತಕ್ಕೆ ಸೇರಿರಲಿಲ್ಲ. ಆ ಸ್ಥಿತಿ ಕೊನೆಗೊಂಡ ದಿನವೇ ಸೆಪ್ಟೆಂಬರ್ 17. ಆದರೆ ಅದನ್ನು ವಿಮೋಚನೆ ಎನ್ನಬೇಕೆ, ವಿಲೀನ ಎನ್ನಬೇಕೆ, ಏಕೀಕರಣ ಎನ್ನಬೇಕೆ ಎಂಬ ಚರ್ಚೆ ಮುಕ್ಕಾಲು ಶತಮಾನ ಕಳೆದರೂ ಮುಗಿದಿಲ್ಲ. ಆ ಚರ್ಚೆಯ ಬೇರುಗಳು ಅಂದಿನ ಘಟನೆಗಳಲ್ಲಿಯೇ ಇವೆ.

ಹದಿನಾರರಲ್ಲಿ ಮೂರು ಜಿಲ್ಲೆ

ಹೈದರಾಬಾದ್ ಸಂಸ್ಥಾನ ಬ್ರಿಟಿಷ್ ಭಾರತದ ದೇಶೀಯ ಸಂಸ್ಥಾನಗಳಲ್ಲಿ ಅತ್ಯಂತ ಶ್ರೀಮಂತವಾದುದು. ವಿಸ್ತೀರ್ಣ ಸುಮಾರು 82 ಸಾವಿರ ಚದರ ಮೈಲಿ. 1941ರ ಜನಗಣತಿಯಂತೆ ಜನಸಂಖ್ಯೆ 1 ಕೋಟಿ 63 ಲಕ್ಷ. ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ರೈಲ್ವೆ, ಸ್ವಂತ ಸೈನ್ಯ. 1911ರಿಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಇದನ್ನು ಆಳುತ್ತಿದ್ದರು.

ಇದರ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಪ್ರದೇಶದವು. ಕನ್ನಡದ ಆ ಮೂರು ಜಿಲ್ಲೆಗಳೆಂದರೆ ಗುಲ್ಬರ್ಗಾ, ರಾಯಚೂರು, ಬೀದರ್. ಇಂದಿನ ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿಯೂ, ಯಾದಗಿರಿ ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಪ್ರಜೆಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಹಿಂದೂಗಳು. ಆಡಳಿತ, ನ್ಯಾಯಾಲಯ ಹಾಗೂ ಉನ್ನತ ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಹೆಗ್ಗಳಿಕೆಗೆ ಪಾತ್ರವಾಯಿತು, ನಿಜ. ಆದರೆ ಆ ಭಾಷೆ ಕನ್ನಡಿಗನದೂ ಅಲ್ಲ, ತೆಲುಗರದೂ ಅಲ್ಲ, ಮರಾಠಿಗರದೂ ಅಲ್ಲ. ಸಂಖ್ಯೆಯಲ್ಲಿ ತೆಲುಗು, ಮರಾಠಿ ಭಾಷಿಕರ ನಂತರದ ಸ್ಥಾನದಲ್ಲಿದ್ದ ಕನ್ನಡಿಗರ ದನಿ ಇನ್ನೂ ಕ್ಷೀಣವಾಗಿತ್ತು. ಗುಲ್ಬರ್ಗಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಗಳಂತಹ ಕೆಲವೇ ಸಂಸ್ಥೆಗಳು ಈ ಭಾಗದ ಎಚ್ಚರಕ್ಕೆ ನೆಲೆಯಾದವು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಅದನ್ನು ನಿಷೇಧಿಸಲಾಯಿತು. ಅದೇ ವರ್ಷ ವಸತಿನಿಲಯದಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾದ ನೂರಾರು ವಿದ್ಯಾರ್ಥಿಗಳು ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರಿಗೆ ಪ್ರವೇಶ ನೀಡಿದ್ದು ನಾಗಪುರ ವಿಶ್ವವಿದ್ಯಾಲಯ. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು. ಕಾಂಗ್ರೆಸ್ ಮೇಲಿನ ನಿಷೇಧ ತೆರವಾಗಲು 1946ರವರೆಗೆ ಕಾಯಬೇಕಾಯಿತು.

ಹಂಪಿ ಸ್ವತಂತ್ರ, ಆನೆಗೊಂದಿ ಅಲ್ಲ

1947ರ ಜೂನ್‌ನಲ್ಲಿ ನಿಜಾಮರು ಫರ್ಮಾನು ಹೊರಡಿಸಿ, ಬ್ರಿಟಿಷರು ನಿರ್ಗಮಿಸಿದೊಡನೆ ತಮ್ಮ ಸಂಸ್ಥಾನ ಸ್ವತಂತ್ರ ರಾಷ್ಟ್ರವಾಗುವುದೆಂದು ಘೋಷಿಸಿದರು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟಕ್ಕೆ ಸೇರ್ಪಡೆಯಾಗಬೇಕೆಂದು ಚಳವಳಿ ಹೂಡಿ, ಆಗಸ್ಟ್ 7ನ್ನು ಅದಕ್ಕಾಗಿಯೇ ಮೀಸಲಾದ ದಿನವಾಗಿ ಆಚರಿಸಿತು. ತ್ರಿವರ್ಣ ಧ್ವಜ ಹಾರಿಸುವುದನ್ನು ಸಂಸ್ಥಾನದ ಸರ್ಕಾರ ನಿಷೇಧಿಸಿತ್ತು. ದೆಹಲಿಯಲ್ಲಿ ಸ್ವಾತಂತ್ರ್ಯದ ಸಂಭ್ರಮವಿದ್ದ ಆಗಸ್ಟ್ 15ರಂದೇ ಸ್ವಾಮೀಜಿಯವರ ಬಂಧನವಾಯಿತು.

ಅಂದಿನ ಗಡಿಯನ್ನು ನೆನೆದರೆ ಪರಿಸ್ಥಿತಿಯ ವಿಚಿತ್ರ ಅರ್ಥವಾಗುತ್ತದೆ. ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಎಡದಂಡೆಯ ಆನೆಗೊಂದಿ, ಮುನಿರಾಬಾದುಗಳು ನಿಜಾಮರ ಸೀಮೆಯಲ್ಲಿದ್ದವು. ಹರಿಗೋಲಿನಲ್ಲಿ ದಾಟುವಷ್ಟು ದೂರ! ಆದರೂ ಒಂದು ದಡ ಸ್ವತಂತ್ರ ಭಾರತ, ಇನ್ನೊಂದು ದಡ ಬೇರೆಯೇ ದೇಶ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಎರಡೂ ದಡಗಳಲ್ಲಿ ಪ್ರತ್ಯೇಕವಾಗಿ ಶಂಕುಸ್ಥಾಪನೆ ನಡೆದುದಕ್ಕೂ ಈ ಇಬ್ಬಗೆಯ ಆಡಳಿತವೇ ಕಾರಣವಾಗಿತ್ತು. ಅತ್ತ ಮೈಸೂರು ಸಂಸ್ಥಾನ 1947ರ ಆಗಸ್ಟ್‌ನಲ್ಲಿಯೇ ಒಕ್ಕೂಟಕ್ಕೆ ಸೇರಿತ್ತು. 'ಮೈಸೂರು ಚಲೋ' ಚಳವಳಿಯ ಫಲವಾಗಿ ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರವೂ ಅಲ್ಲಿ ಬಂದಿತ್ತು.

ರಜಾಕಾರರು ಮತ್ತು ಗಡಿ ಶಿಬಿರಗಳು

ಭಾರತ ಮತ್ತು ಹೈದರಾಬಾದ್ ನಡುವೆ ಮಾತುಕತೆ ತಿಂಗಳುಗಟ್ಟಲೆ ಎಳೆಯಿತು. ಅಕ್ಟೋಬರ್ 27ರಂದು ಒಪ್ಪಂದದ ಕರಡಿನೊಂದಿಗೆ ದೆಹಲಿಗೆ ಹೊರಡಲಿದ್ದ ನಿಯೋಗದ ಸದಸ್ಯರ ಮನೆಗಳಿಗೆ ಮಜ್ಲಿಸ್-ಎ-ಇತ್ತೆಹಾದುಲ್ ಮುಸಲ್ಮೀನ್ ಕಾರ್ಯಕರ್ತರು ಮುತ್ತಿಗೆ ಹಾಕಿದರು. ನಿಯೋಗದ ಪ್ರಯಾಣ ರದ್ದಾಯಿತು. ಅದಾದ ಮೇಲೆ ಮೀರ್ ಲಾಯಕ್ ಅಲಿ ಪ್ರಧಾನಮಂತ್ರಿಯಾದರು. ನವೆಂಬರ್ 29ರಂದು ಒಂದು ವರ್ಷದ ಅವಧಿಯ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದಿತು. 1948ರ ಜನವರಿಯಲ್ಲಿ ಕೆ.ಎಂ. ಮುನ್ಶಿ ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಹೈದರಾಬಾದಿಗೆ ಬಂದರು.

ಒಪ್ಪಂದವನ್ನು ಎರಡೂ ಪಕ್ಷದವರು ಕಾಲ ನೂಕುವ ಸಾಧನವೆಂದೇ ಭಾವಿಸಿದಂತಿದೆ. ಭಾರತ ಆರ್ಥಿಕ ದಿಗ್ಬಂಧನ ಹಾಕಿದೆಯೆಂದು ಹೈದರಾಬಾದ್ ದೂರಿತು. ಶಸ್ತ್ರಾಸ್ತ್ರಗಳ ಕಳ್ಳಸಾಗಣೆ ನಡೆದಿದೆಯೆಂದು ಭಾರತ ದೂರಿತು. ಎರಡನೆಯ ಆರೋಪ ಸುಳ್ಳಾಗಿರಲಿಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಕರಾಚಿಯಿಂದ ರಾತ್ರಿಯ ವೇಳೆ ಶಸ್ತ್ರಗಳನ್ನು ವಿಮಾನದಲ್ಲಿ ತಂದು ಇಳಿಸುತ್ತಿದ್ದ. ಅದಕ್ಕೆ ಬಳಕೆಯಾದ ನಿಲ್ದಾಣಗಳಲ್ಲಿ ಬೀದರ್ ಕೂಡ ಒಂದು.

ಇತ್ತೆಹಾದ್‌ನ ಅರೆಸೈನಿಕ ಸ್ವಯಂಸೇವಕ ಪಡೆಯೇ ರಜಾಕಾರರದು. ಲಾತೂರಿನ ವಕೀಲ ಕಾಸಿಂ ರಜ್ವಿ ಇದರ ನಾಯಕ. ಹಳ್ಳಿಗಳ ಲೂಟಿ, ಬೆಂಕಿ, ಕೊಲೆಗಳ ಆ ಕಾಲವನ್ನು ಈ ಭಾಗದ ಹಿರಿಯರು 'ರಜಾಕಾರರ ಹಾವಳಿ' ಎಂದೇ ಕರೆಯುತ್ತಾ ಬಂದಿದ್ದಾರೆ. ಇಂದಿನ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಅವುಗಳಲ್ಲಿ ಅತ್ಯಂತ ಕರಾಳವಾದುದು. ಅಲ್ಲಿನ ಹುತಾತ್ಮರ ಸ್ಮಾರಕ ಉದ್ಘಾಟನೆಯಾದುದು 2023ರ ಮಾರ್ಚ್‌ನಲ್ಲಿ. ಘಟನೆ ನಡೆದು 75 ವರ್ಷಗಳು ತುಂಬುತ್ತಿದ್ದಾಗ!

ರಜಾಕಾರರ ಕೈಗೆ ಬಲಿಯಾದವರಲ್ಲಿ ಎಲ್ಲರೂ ಹಿಂದೂಗಳಲ್ಲ ಎಂಬುದನ್ನು ಮರೆಯುವಂತಿಲ್ಲ. 'ಇಮ್ರೋಜ್' ಉರ್ದು ಪತ್ರಿಕೆಯ ಯುವ ಸಂಪಾದಕ ಶೋಯಬುಲ್ಲಾ ಖಾನ್ ಭಾರತದೊಂದಿಗೆ ಸೇರ್ಪಡೆಯನ್ನು ಬೆಂಬಲಿಸಿ ಬರೆಯುತ್ತಿದ್ದರು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಲ್ಲಲಾಯಿತು.

ಪ್ರತಿರೋಧವೂ ಸುಮ್ಮನಿರಲಿಲ್ಲ. ಸಂಸ್ಥಾನದೊಳಗೆ ಉಳಿಯಲಾಗದ ಕಾರ್ಯಕರ್ತರು ಗಡಿಯಾಚೆ ಶಿಬಿರಗಳನ್ನು ಕಟ್ಟಿಕೊಂಡರು. ಆಗಿನ ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಅವರ ನಾಯಕತ್ವದ ಶಿಬಿರಗಳು ಹೆಸರಾದವು. ಇಲ್ಲಿಂದ ಹೊರಟ ತಂಡಗಳು ಗಡಿ ದಾಟಿ ಸುಂಕದ ಕಟ್ಟೆ, ಪೊಲೀಸ್ ಠಾಣೆಗಳ ಮೇಲೆ ಎರಗಿ ಹಿಂದಿರುಗುತ್ತಿದ್ದವು. ಬೆಂಗಳೂರಿನ ಸ್ವಾತಂತ್ರ್ಯ ಹೋರಾಟದ ಕಥನಗಳಲ್ಲಿ ಈ ಹೆಸರುಗಳಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ದೇಶವೇ ಸ್ವತಂತ್ರವಾದ ಮೇಲೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಇವರು. ಬಹುಶಃ ಅದೇ ಇವರ ದುರದೃಷ್ಟವಾಯಿತು.

ಐದು ದಿನಗಳು

1948ರ ಸೆಪ್ಟೆಂಬರ್ 13, ಸೋಮವಾರ ನಸುಕಿನಲ್ಲಿ ಭಾರತದ ಸೈನ್ಯ ಹೈದರಾಬಾದ್ ಗಡಿ ದಾಟಿತು. ಮಹಮ್ಮದ್ ಅಲಿ ಜಿನ್ನಾ ನಿಧನರಾಗಿ ಆಗಿನ್ನೂ ಎರಡು ದಿನವಾಗಿತ್ತು. ಕಾರ್ಯಾಚರಣೆಯ ಸೈನಿಕ ಹೆಸರು 'ಆಪರೇಷನ್ ಪೋಲೊ'. ಸರ್ಕಾರ ಹೊರಜಗತ್ತಿಗೆ ಹೇಳಿದ್ದು 'ಪೊಲೀಸ್ ಕಾರ್ಯಾಚರಣೆ' ಎಂದು. ಟ್ಯಾಂಕುಗಳೂ ಯುದ್ಧವಿಮಾನಗಳೂ ಪಾಲ್ಗೊಂಡ ದಾಳಿಯನ್ನು ಪೊಲೀಸರ ಕೆಲಸವೆಂದು ಕರೆದುದು ರಾಜತಾಂತ್ರಿಕ ಜಾಣ್ಮೆ. ಒಂದು ದೇಶ ಇನ್ನೊಂದು ದೇಶದ ಮೇಲೆ ಸಾರಿದ ಯುದ್ಧವಲ್ಲ, ಆಂತರಿಕ ಶಾಂತಿ ಸುವ್ಯವಸ್ಥೆಯ ಕ್ರಮ ಎಂಬ ವಾದ ಆ ಹೆಸರಿನಲ್ಲಿಯೇ ಅಡಗಿತ್ತು. ಹಳೆಯ ತಲೆಮಾರಿನವರ ಬಾಯಲ್ಲಿ 'ಪೊಲೀಸ್ ಆ್ಯಕ್ಷನ್' ಎಂಬುದೇ ಉಳಿಯಿತು.

ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದಲ್ಲಿ ಸೊಲ್ಲಾಪುರದಿಂದ ಹೊರಟು ಮೊದಲ ದಿನವೇ ನಳದುರ್ಗವನ್ನು ವಶಪಡಿಸಿಕೊಂಡಿತು. ಉಮರ್ಗಾ, ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ರಾಜಧಾನಿಯತ್ತ ಸಾಗುವುದು ಅದರ ಯೋಜನೆ. ಪೂರ್ವದಲ್ಲಿ ವಿಜಯವಾಡದ ಕಡೆಯಿಂದ ಮೇಜರ್ ಜನರಲ್ ಎ.ಎ. ರುದ್ರ ಅವರ ಪಡೆ ಹೊರಟಿತು. ಹೊಸಪೇಟೆ ಕಡೆಯ ಕಾರ್ಯಾಚರಣೆಯಲ್ಲಿ ಮೈಸೂರು ಪದಾತಿ ದಳವೂ ಭಾಗವಹಿಸಿತು. ಕನ್ನಡ ನಾಡಿನ ಒಂದು ಭಾಗದ ಸೈನಿಕರು ಇನ್ನೊಂದು ಭಾಗವನ್ನು ಒಕ್ಕೂಟಕ್ಕೆ ಸೇರಿಸಲು ನದಿ ದಡಕ್ಕೆ ಬಂದ ಪ್ರಸಂಗವಿದು.

ರಜಾಕಾರರ ಸಂಖ್ಯೆ ಎರಡು ಲಕ್ಷವೆಂದು ಅವರ ನಾಯಕರು ಹೇಳಿಕೊಳ್ಳುತ್ತಿದ್ದರೂ ಬಹುಪಾಲು ಮಂದಿಯ ಕೈಯಲ್ಲಿ ಆಧುನಿಕ ಶಸ್ತ್ರಗಳಿರಲಿಲ್ಲ. ತಿಂಗಳುಗಟ್ಟಲೆ ಕಾದಾಟ ನಡೆಯಬಹುದೆಂಬ ಅಂಜಿಕೆ ಐದೇ ದಿನಗಳಲ್ಲಿ ಕರಗಿತು. ಹೈದರಾಬಾದ್ ಸಲ್ಲಿಸಿದ್ದ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪ್ಯಾರಿಸ್ಸಿನಲ್ಲಿ ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ರಂದು. ಮರುದಿನ ದೂರುದಾರ ಸರ್ಕಾರವೇ ಇಲ್ಲವಾಗಿತ್ತು.

ಸೆಪ್ಟೆಂಬರ್ 17, ಶುಕ್ರವಾರ. ಬೆಳಿಗ್ಗೆ ಲಾಯಕ್ ಅಲಿ ಸಂಪುಟ ರಾಜೀನಾಮೆ ಸಲ್ಲಿಸಿತು. ಸಂಜೆ ನಿಜಾಮರು ಹೈದರಾಬಾದ್ ಆಕಾಶವಾಣಿಯಲ್ಲಿ ಮಾತನಾಡಿ ಕದನ ನಿಲ್ಲಿಸಲು ತಮ್ಮ ಸೈನ್ಯಕ್ಕೆ ಆಜ್ಞಾಪಿಸಿರುವುದಾಗಿ ತಿಳಿಸಿದರು. ರಜಾಕಾರರ ಸಂಘಟನೆಯನ್ನು ನಿಷೇಧಿಸಿದರು. ಈ ಭಾಷಣದ ಹಿಂದೆ ಮುನ್ಶಿ ಅವರ ಸಲಹೆಯಿತ್ತು. ಸಂಸ್ಥಾನದ ಸೇನಾಧಿಪತಿ ಎಲ್ ಎಡ್ರೂಸ್ ಅವರು ಚೌಧುರಿ ಅವರಿಗೆ ವಿಧಿವತ್ತಾಗಿ ಶರಣಾದದ್ದು ಮರುದಿನ, ಅಂದರೆ ಸೆಪ್ಟೆಂಬರ್ 18ರಂದು.

ಹೀಗಾಗಿ ನಾವು ಆಚರಿಸುವ ದಿನ ಸೈನಿಕ ಶರಣಾಗತಿಯದಲ್ಲ, ಆಕಾಶವಾಣಿಯ ಘೋಷಣೆಯದು. ಕಾನೂನಿನ ದೃಷ್ಟಿಯಿಂದ ಸೇರ್ಪಡೆ ಅಂದು ಪೂರ್ಣವಾಗಲೂ ಇಲ್ಲ. ಅನ್ಯ ಸಂಸ್ಥಾನಿಕರಂತೆ ನಿಜಾಮರು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿರಲಿಲ್ಲ. ಚೌಧುರಿ ಮಿಲಿಟರಿ ಗವರ್ನರ್ ಆಗಿ ಆಡಳಿತ ನಡೆಸಿದರು. 1949ರ ನವೆಂಬರ್‌ನಲ್ಲಿ ನಿಜಾಮರು ಫರ್ಮಾನಿನ ಮೂಲಕ ಭಾರತದ ಸಂವಿಧಾನವನ್ನು ಅಂಗೀಕರಿಸಿದರು. 1950ರ ಜನವರಿ 26ರಂದು ಹೈದರಾಬಾದ್ ಭಾರತ ಗಣರಾಜ್ಯದ ಒಂದು ರಾಜ್ಯವಾಯಿತು. ಅದರ ರಾಜಪ್ರಮುಖರಾಗಿ ನೇಮಕಗೊಂಡವರು ಅದೇ ಮೀರ್ ಉಸ್ಮಾನ್ ಅಲಿ ಖಾನ್! ಯಾರಿಂದ ವಿಮೋಚನೆ ದೊರೆಯಿತೋ ಅವರೇ 1956ರವರೆಗೆ ಸಾಂವಿಧಾನಿಕ ಮುಖ್ಯಸ್ಥರಾಗಿದ್ದರು ಎಂಬುದು 'ವಿಮೋಚನೆ' ಪದವನ್ನು ಒಪ್ಪದವರ ಮುಖ್ಯ ವಾದಗಳಲ್ಲೊಂದು.

ಬಹುಕಾಲ ಮುಚ್ಚಿದ್ದ ವರದಿ

ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅಪರೂಪಕ್ಕೂ ಕೇಳಿಬರದ ಅಧ್ಯಾಯವೊಂದಿದೆ. ಸೈನ್ಯ ಬಂದ ಸಂದರ್ಭದಲ್ಲಿಯೂ ಅನಂತರದ ವಾರಗಳಲ್ಲಿಯೂ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಸಹಸ್ರಾರು ಮಂದಿ ಅದಕ್ಕೆ ಬಲಿಯಾದರು.

ಸುದ್ದಿ ದೆಹಲಿಗೆ ತಲುಪಿದಾಗ ಪ್ರಧಾನಿ ಜವಾಹರಲಾಲ್ ನೆಹರೂ ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಸೌಹಾರ್ದ ನಿಯೋಗವೊಂದನ್ನು ಕಳುಹಿಸಿದರು. ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರ ಇತರ ಸದಸ್ಯರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ನಿಯೋಗ ಸಂಸ್ಥಾನದಲ್ಲಿ ಸಂಚರಿಸಿತು. ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದಷ್ಟಿರಬಹುದೆಂದು ಅದು ಅಂದಾಜಿಸಿತು. ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳೆಂದು ವರದಿ ಹೆಸರಿಸಿದ ನಾಲ್ಕರಲ್ಲಿ ಎರಡು ಕನ್ನಡ ಪ್ರದೇಶದವು: ಗುಲ್ಬರ್ಗಾ ಮತ್ತು ಬೀದರ್. ಉಳಿದವು ಉಸ್ಮಾನಾಬಾದ್ ಮತ್ತು ನಾಂದೇಡ್.

ಸರ್ಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ನೋಟಕ್ಕೆ ಲಭ್ಯವಾದ ವಿಷಯ ದೊಡ್ಡ ಸುದ್ದಿಯಾದುದು 2013ರಲ್ಲಿ. ವರದಿಯ ಅಂಕಿ ಅಂಶಗಳನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಗೋರಟಾದ ಹತ್ಯೆ ನಡೆದ ಜಿಲ್ಲೆಯೇ ಸುಂದರಲಾಲ್ ವರದಿಯ ಪಟ್ಟಿಯಲ್ಲಿಯೂ ಇದೆ. ಕೆಲವೇ ತಿಂಗಳ ಅಂತರದಲ್ಲಿ ಒಂದೇ ಜಿಲ್ಲೆಯ ಎರಡೂ ಸಮುದಾಯದ ಮನೆಗಳಲ್ಲಿ ಸಾವು ಸಂಭವಿಸಿತ್ತು. ಒಂದು ಮನೆಗೆ ಸೆಪ್ಟೆಂಬರ್ 17 ಭಯ ಮುಗಿದ ದಿನ, ಮತ್ತೊಂದಕ್ಕೆ ಭಯ ಆರಂಭವಾದ ದಿನ. ದಿನಾಚರಣೆಯ ಹೆಸರಿಗಾಗಿ ನಡೆಯುವ ವಾಗ್ವಾದ ಇಷ್ಟು ತೀಕ್ಷ್ಣವಾಗಿರುವುದಕ್ಕೆ ಇದೂ ಕಾರಣ.

ಒಂದು ದಿನ, ಹಲವು ಹೆಸರು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ತೆಲಂಗಾಣ ಆಂಧ್ರಪ್ರದೇಶಕ್ಕೆ, ಮರಾಠವಾಡ ಅಂದಿನ ಬೊಂಬಾಯಿ ರಾಜ್ಯಕ್ಕೆ, ಕನ್ನಡ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದವು. ಅಲ್ಲಿಯೂ ಗೆರೆಗಳು ನೇರವಾಗಿರಲಿಲ್ಲ. ರಾಯಚೂರು ಜಿಲ್ಲೆಯ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಬೀದರ್ ಜಿಲ್ಲೆ ಮೂರೂ ರಾಜ್ಯಗಳಿಗೆ ಹಂಚಿಹೋಯಿತು.

ದಿನದ ನೆನಪು ಕೂಡ ಹಂಚಿಹೋಯಿತು. ಮಹಾರಾಷ್ಟ್ರ ಅದನ್ನು ಮರಾಠವಾಡ ಮುಕ್ತಿ ಸಂಗ್ರಾಮ ದಿನವೆಂದು ಆಚರಿಸುತ್ತದೆ. ಕರ್ನಾಟಕದಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಯಿತು. ರಾಜಧಾನಿಯಿದ್ದ ತೆಲಂಗಾಣದಲ್ಲಿ ಮಾತ್ರ ಸರ್ಕಾರಗಳು ಬಹುಕಾಲ ಅಧಿಕೃತ ಆಚರಣೆಯಿಂದ ದೂರವೇ ಉಳಿದವು. ಅಲ್ಲಿ 1946ರಿಂದ 1951ರವರೆಗೆ ಕಮ್ಯುನಿಸ್ಟರ ನೇತೃತ್ವದ ರೈತರ ಸಶಸ್ತ್ರ ಹೋರಾಟ ನಡೆದಿತ್ತು. ಮೊದಲು ನಿಜಾಮರ ವಿರುದ್ಧ, ಸೈನ್ಯ ಬಂದ ಮೇಲೆ ಭಾರತ ಸರ್ಕಾರದ ವಿರುದ್ಧವೂ ಅದು ಮುಂದುವರಿದಿತ್ತು. ಆ ಪಕ್ಷಗಳಿಗೆ ಸೆಪ್ಟೆಂಬರ್ 17 'ವಿಲೀನ'ದ ದಿನ.

2022ರಲ್ಲಿ ಕೇಂದ್ರ ಸರ್ಕಾರ ಹೈದರಾಬಾದಿನಲ್ಲಿ ವಿಮೋಚನಾ ದಿನವನ್ನು ಆಚರಿಸಿದಾಗ ಅದೇ ನಗರದಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಏಕತಾ ದಿನವನ್ನು ಆಚರಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಪ್ರತಿ ವರ್ಷ 'ಹೈದರಾಬಾದ್ ವಿಮೋಚನಾ ದಿನ' ಆಚರಿಸಲು ಅಧಿಸೂಚನೆ ಹೊರಡಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ತೆಲಂಗಾಣದ ಹೊಸ ಸರ್ಕಾರ ಅದನ್ನು 'ಪ್ರಜಾಪಾಲನಾ ದಿನೋತ್ಸವ'ವೆಂದು ಕರೆಯಿತು.

ಕರ್ನಾಟಕದಲ್ಲಿ ಹೆಸರಿನ ಬದಲಾವಣೆ ಬೇರೆ ದಾರಿ ಹಿಡಿಯಿತು. ಇಲ್ಲಿ ಬದಲಾದದ್ದು ಪ್ರದೇಶದ ಹೆಸರು. 2019ರ ಸೆಪ್ಟೆಂಬರ್ 17ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಹೆಸರಿಟ್ಟರು. ನಿಜಾಮರ ರಾಜಧಾನಿಯ ಜಾಗದಲ್ಲಿ ಬಸವಣ್ಣನ ಕಲ್ಯಾಣ ಬಂದಿತು. 2024ರ ಸೆಪ್ಟೆಂಬರ್ 17ರಂದು ಸಿದ್ದರಾಮಯ್ಯ ಅವರ ಸರ್ಕಾರ ಕಲಬುರಗಿಯಲ್ಲಿಯೇ ಸಚಿವ ಸಂಪುಟ ಸಭೆ ನಡೆಸಿತು. ದಶಕದ ನಂತರ ಆ ನಗರದಲ್ಲಿ ನಡೆದ ಸಂಪುಟ ಸಭೆ ಅದು.

ಕಲಬುರಗಿಯ ಧ್ವಜಾರೋಹಣದ ಭಾಷಣಗಳಲ್ಲಿ ಇತಿಹಾಸಕ್ಕಿಂತ ಅನುದಾನದ ಮಾತೇ ಹೆಚ್ಚು ಎಂಬ ಟೀಕೆ ಇದೆ. ಆದರೆ ಅದು ಅಸಹಜವೇನಲ್ಲ. 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗದವು. ದಶಕಗಳ ಬೇಡಿಕೆಯ ನಂತರ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿ ಈ ಪ್ರದೇಶಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯನ್ನೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಒದಗಿಸಿತು. ಆ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ದೊರೆತುದು 2012ರ ಡಿಸೆಂಬರ್‌ನಲ್ಲಿ.

ಇಲ್ಲಿ ಒಂದು ಸ್ವಾರಸ್ಯ. ಈ ಸೌಲಭ್ಯದ ವ್ಯಾಪ್ತಿಯಲ್ಲಿರುವ ಏಳು ಜಿಲ್ಲೆಗಳಲ್ಲಿ ಬಳ್ಳಾರಿ ಮತ್ತು ಅದರಿಂದ 2021ರಲ್ಲಿ ಬೇರ್ಪಟ್ಟ ವಿಜಯನಗರವೂ ಸೇರಿವೆ. ಬಳ್ಳಾರಿಯನ್ನು ನಿಜಾಮರು 1800ರಲ್ಲಿಯೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. 1947ರ ಆಗಸ್ಟ್ 15ರಂದು ಅದು ಮದ್ರಾಸ್ ಪ್ರಾಂತ್ಯದೊಂದಿಗೆ ಸ್ವತಂತ್ರವಾಗಿತ್ತು, 1953ರ ಅಕ್ಟೋಬರ್‌ನಲ್ಲಿ ಮೈಸೂರನ್ನು ಸೇರಿತ್ತು. ಅಂದರೆ ಕಲ್ಯಾಣ ಕರ್ನಾಟಕದ ಎರಡು ಜಿಲ್ಲೆಗಳ ಬಹುಭಾಗಕ್ಕೆ ಸೆಪ್ಟೆಂಬರ್ 17 ಸ್ವಂತ ಇತಿಹಾಸದ ದಿನವಲ್ಲ.

ನಂತರ ಅವರೆಲ್ಲ

ಲಾಯಕ್ ಅಲಿ 1950ರ ಮಾರ್ಚ್‌ನಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಕಾಸಿಂ ರಜ್ವಿ ಸೆರೆವಾಸ ಮುಗಿಸಿ 1957ರಲ್ಲಿ ಅಲ್ಲಿಗೇ ಹೋದರು. ನಿಜಾಮರು 1967ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿಯೇ ತೀರಿಕೊಂಡರು. ಚೌಧುರಿ 1961ರ ಡಿಸೆಂಬರ್‌ನಲ್ಲಿ ಗೋವಾ ಕಾರ್ಯಾಚರಣೆಯ ಹೊಣೆಯನ್ನೂ ಹೊತ್ತರು, ಮುಂದೆ ಭೂಸೇನೆಯ ಮುಖ್ಯಸ್ಥರಾದರು. ಇಂದು ಎರಡು ಪ್ರದೇಶಗಳು ಬೇರೆ ಬೇರೆ ದಿನ ಆಚರಿಸುವ ವಿಮೋಚನೆಗಳ ಹಿಂದೆ ಒಬ್ಬನೇ ಸೇನಾಧಿಕಾರಿಯಿದ್ದ ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ.

ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, ನಿಜಾಮರ ಸೀಮೆಯ ಹೊರಗೆ. ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡ್ಗೀಕರ್. 1952ರ ಮೊದಲ ಮಹಾಚುನಾವಣೆಯಲ್ಲಿ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದ್ದು ಗುಲ್ಬರ್ಗಾ ಕ್ಷೇತ್ರ. 1972ರ ಜನವರಿಯಲ್ಲಿ ನಿಧನರಾದ ಅವರ ಸಮಾಧಿ ಹೈದರಾಬಾದಿನ ಬೇಗಂಪೇಟೆಯಲ್ಲಿದೆ.